ಹೊತ್ತು ಮುಳುಗುವ ಮೊದಲು

ಕಬ್ಬೂರಿನ ಸುಗಂಧಾ ಜಂಪರ ಹೊಲಿದು ಬದುಕುವ ಹೆಂಗಸು. ಸಿಟ್ಟು ಬಂದರೆ ಚೀರುವುದಿಲ್ಲ, ಹಲ್ಲು ಕಚ್ಚಿ ಮಿಷನ್ ತುಳಿಯುತ್ತಾಳೆ. ೧೯೯೧ರಲ್ಲಿ ಚಿಕ್ಕೋಡಿ ಕೋರ್ಟಿನಲ್ಲಿ ಆಕೆಗೂ ಕೊಗನೊಳ್ಳಿಯ ಕಾಕಾಸಾಹೇಬನಿಗೂ ಸೋಡಚೀಟಿಯಾಗಿ ಮದುವೆ ಮುರಿಯಿತು. ಏಳು ವರ್ಷದ ಮಗಳು ಚೆಲನಾ ತಾಯಿಯ ಹತ್ತಿರ ಇರಬೇಕು. ಒಂದು ಬಿಟ್ಟು ಒಂದು ರವಿವಾರ ತಂದೆ ಆಕೆಯನ್ನು ಚಿಕ್ಕೋಡಿ ಬಸ್ ಸ್ಟ್ಯಾಂಡಿನಿಂದ ಕರೆದೊಯ್ದು, ಅದೇ ಸಂಜೆ ಅಲ್ಲಿಯೇ ತಂದು ಒಪ್ಪಿಸಬೇಕು ಎಂದು ಕರಾರಾಯಿತು.

ವಕೀಲರು ‘ಸಂಜೆ ಆರಕ್ಕೆ’ ಎಂದು ಬರೆಯಹೊರಟಾಗ ಸುಗಂಧಾ ತಡೆದಳು.

“ಹೊತ್ತು ಮುಳುಗೂದ್ರೊಳಗ ಅಂತ ಬರೀರಿ.”

“ಕೋರ್ಟಿಗೆ ಗಡಿಯಾರ ಬೇಕವಾ. ಸೂರ್ಯಾಗ ಸಾಕ್ಷಿ ಹೇಳಾಕ ಕರ್ಯಾಕ ಆಗತೈತೇನು?”

“ನಮ್ಮ ಜೈನರ ಮನ್ಯಾಗ ಅಂವಾ ದಿನಾ ಸಾಕ್ಷಿಗೆ ಬರ್ತಾನ್ರಿ.”

ವಕೀಲರು ನಕ್ಕು ಹಾಗೆಯೇ ಬರೆದರು. ಎರಡೂ ಕಡೆಯವರು ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಇಡದ ಮನೆತನದವರು. ಮಗಳು ಕೈಗೆ ಬರುವವರೆಗೆ ಸುಗಂಧಾ ಉಣ್ಣುವುದಿಲ್ಲ ಎಂಬುದು ಕಾಕಾಸಾಹೇಬನಿಗೆ ಗೊತ್ತಿತ್ತು. ಗೊತ್ತಿದ್ದೇ ಆಟ ಹೂಡಿದ. ಮೊದಲ ಸಲ ಹತ್ತು ನಿಮಿಷ ತಡ, ಮುಂದಿನ ಸಲ ಅರ್ಧ ತಾಸು. ಮಗಳಿಗೆ ಹಗಲೇ ಉಣಿಸಿ ತರುತ್ತಿದ್ದ. ಸುಗಂಧಾ ರೊಟ್ಟಿಯ ಡಬ್ಬಿ ಬಿಚ್ಚದೆ ಬೆಳಗಿನವರೆಗೆ ಉಪವಾಸ. “ಇವತ್ತೂ ಉಪಾಸೇನು?” ಎಂದು ಆತ ಹಲ್ಲು ಕಿರಿಯುತ್ತಿದ್ದ. ಹೆಂಗಸಿನ ಹೊಟ್ಟೆಯ ಮೇಲೆ ಸೇಡು ತೀರಿಸಿಕೊಳ್ಳುವುದು ಎಂಥ ಗಂಡಸುತನವೋ!

ಮಾಘದ ಒಂದು ರವಿವಾರ ಸಂಜೆ ಆತ ಮಗಳನ್ನು ಬಿಡಲು ಬರಲೇ ಇಲ್ಲ. ನಿಪ್ಪಾಣಿಯ ಬಸ್ಸು ಒಂದರ ಹಿಂದೊಂದು ಬಂದವು. ಯಾವುದರಿಂದಲೂ ಚೆಲನಾ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಸುಗಂಧಾ ಹೊಸ ರೊಟ್ಟಿ ಬಡಿದು ಡಬ್ಬಿ ತುಂಬಿದಳು. ಕೊಗನೊಳ್ಳಿಗೆ ಹೋಗುವ ದಾರಿಯಲ್ಲಿ ವಕೀಲರನ್ನು ಕಂಡಳು. ಅವರು ಎಚ್ಚರಿಸಿದರು: “ಅಂವಾ ನಿನ್ನ ಸಿಟ್ಟಿಗೇ ಕಾದು ಕುಂತಾನ. ನೀ ಹೋಗಿ ಹುಡುಗೀನ ಎಳಕೊಂಡ ಬಂದ್ರ, ಕರಾರ ಮುರದಾಳ ಅಂತ ಅರ್ಜಿ ಹಾಕ್ತಾನ. ಮಗಳು ಕೈ ಬಿಟ್ಟ ಹೋದಾಳು.”

ಕೊಗನೊಳ್ಳಿಯಲ್ಲಿ ಗಂಡನ ಮನೆಯ ಮುಂದಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಳು. ಕಾಕಾಸಾಹೇಬ ಹೊರಗೆ ಬಂದ.

“ಚೆಲನಾ ಇನ್ನ ಇಲ್ಲೇ ಇರ್ತಾಳ. ತಾಕತ್ತಿದ್ರ ಒಳಗ ಬಂದು ಕರ್ಕೊಂಡ ಹೋಗು!”

“ನಾ ಕರ್ಕೊಂಡ ಹೋಗಾಕ ಬಂದಿಲ್ರಿ. ನೀವು ತಂದ ಕೊಡೂತನಾ ಕೂಡ್ರಾಕ ಬಂದೇನಿ.”

ಬಾಗಿಲ ಸಂದಿಯಿಂದ ಚೆಲನಾ “ಅವ್ವಾ” ಎಂದಳು. ಸುಗಂಧಾ ಎರಡೂ ಕೈಯಿಂದ ಡಬ್ಬಿಯನ್ನು ಬಿಗಿಯಾಗಿ ಹಿಡಿದಳೇ ಹೊರತು ಏಳಲಿಲ್ಲ.

ಕಾಕಾಸಾಹೇಬ ಮರೆತದ್ದು ಒಂದೇ: ಆ ಮನೆಯಲ್ಲಿ ಅವನ ತಾಯಿಯೂ ಇದ್ದಳು. ಎಪ್ಪತ್ತರ ಸೋನಾಬಾಯಿ ಬಾಗಿಲಲ್ಲಿ ಹಸಿದವರು ಇರುವಾಗ ಉಣ್ಣುವವಳಲ್ಲ. ಮಧ್ಯಾಹ್ನ ತಾಟು ಹಿಡಿದು ಬಂದಳು.

“ಏಳವಾ, ಎರಡ ತುತ್ತ ಉಣ್ಣು.”

“ಮಗಳು ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ನನ್ನ ಕೈಗೆ ಬರ್ಲಿ, ಉಣ್ತೀನ್ರಿ ಅತ್ತಿ.”

ಮುದುಕಿ ತಾಟು ಒಳಗಿಟ್ಟು ಬಂದು ಸೊಸೆಯ ಪಕ್ಕದಲ್ಲಿಯೇ ಕೂತಳು. ಮಗ ಬೈದ, ಬೇಡಿಕೊಂಡ.

“ಯವ್ವಾ, ನೀ ಯಾಕ ಉಪಾಸ? ಗುಳಿಗಿ ತಗೊಳ್ಳೂದೈತಿ ನಿಂದು!”

“ಹೊತ್ತು ಇಳ್ಯಾಕತ್ತೈತಿ ಮೂರ್ಖಾ. ಮುಳುಗಿತಂದ್ರ ಇಬ್ಬರಿಗೂ ನಾಳೇನ ಊಟ.”

ಬಿಸಿಲು ಕಟ್ಟೆ ಬಿಟ್ಟು ಸರಿಯತೊಡಗಿದಾಗ ಸೋನಾಬಾಯಿಯೇ ಎದ್ದು ಮೊಮ್ಮಗಳನ್ನು ಕರೆತಂದು, ಆಕೆಯ ಕೈಯನ್ನು ಸುಗಂಧಾಳ ಕೈಯಲ್ಲಿಟ್ಟಳು. “ತಗೋ, ನಡಿ ನಿನ್ನ ಊರಿಗೆ.”

ಎಷ್ಟೋ ದಿನದಿಂದ ಹಿಡಿದೇ ಇಲ್ಲವೆಂಬಂಥ ಆಸೆಯಿಂದ ಸುಗಂಧಾ ಆ ಕೈಯನ್ನು ಒಮ್ಮೆ ಒತ್ತಿದಳು. ಒತ್ತಿ, ಬಿಟ್ಟಳು.

“ಇಲ್ಲಿ ಬ್ಯಾಡ್ರಿ ಅತ್ತಿ. ಇಲ್ಲಿಂದ ಒಯ್ದರ ಕಸಗೊಂಡ ಓಡಿದ್ಲು ಅಂತಾರ. ಕಾಗದದಾಗ ಬರದಂಗ ಅವರೇ ಚಿಕ್ಕೋಡಿಗೆ ಬಂದು ಕೊಡ್ಲಿ.”

ಕಾಕಾಸಾಹೇಬನ ಮೋರೆ ಇಳಿಯಿತು. ಅರ್ಜಿಯ ಮಾತು ಅವನ ಹೊಟ್ಟೆಯಲ್ಲೇ ಉಳಿಯಿತು. ತಾಯಿ ಅವನ ಚಪ್ಪಲಿಯನ್ನು ಕಾಲಿನಿಂದ ಅವನ ಕಡೆ ಸರಿಸಿದಳು. “ನಡೀ ಲೇ. ನೀ ಬಸ್ ಹತ್ತಿದ್ರ ನಾ ಉಣ್ತೀನಿ.”

ನಿಪ್ಪಾಣಿಯಲ್ಲಿ ಬಸ್ ಬದಲಿಸಿ ಮೂವರೂ ಚಿಕ್ಕೋಡಿಯಲ್ಲಿ ಇಳಿದಾಗ ಹೊತ್ತು ಇನ್ನೂ ಗೇಣುದ್ದ ಇತ್ತು. ಕಾಕಾಸಾಹೇಬ ಮಗಳ ಕೈಯನ್ನು ಒಪ್ಪಿಸಿದ. ಸುಗಂಧಾ ಅಲ್ಲಿಯೇ ಕಲ್ಲಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಮಗಳಿಗೆ ಕೊಟ್ಟು, ತಾನೊಂದು ರೊಟ್ಟಿ ಮುರಿದಳು. ಆಮೇಲೆ ಮುಚ್ಚಳದ ಮೇಲೆ ಎರಡು ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟು ಅವನ ಕಡೆ ನೂಕಿದಳು.

“ನೀವೂ ಉಂಡಿಲ್ಲ. ಊರು ಮುಟ್ಟೂದ್ರಾಗ ಕತ್ತಲ ಆಗತೈತಿ.”

ಆತ ನಿಂತೇ ತಿಂದ.

“ಬರೂದಲ್ಲ, ಅದರ ಆಚಿ ರವಿವಾರ ನಿಮ್ಮ ಪಾಳಿ,” ಎಂದಳು ಸುಗಂಧಾ, ಮುಚ್ಚಳ ತೊಳೆದು ಡಬ್ಬಿಗೆ ಹಾಕುತ್ತ. “ತಡಾ ಆತಂದ್ರ ಮರುದಿನಾ ನಿಮ್ಮ ಕಟ್ಟಿ ಮ್ಯಾಲ ಇರ್ತೀನಿ. ಅತ್ತಿಗೆ ಹೇಳ್ರಿ.”