ಮಲಕವ್ವನ ಮೂರು ಕಿಲೋವ್ಯಾಟ್

ಐನಾಪುರದ ಮಲಕವ್ವ ಸಿಟ್ಟಿನ ಹೆಣ್ಣುಮಗಳಲ್ಲ. ಕುರಿ ಕಾಯುತ್ತಲೇ ನಡುವಯಸ್ಸು ದಾಟಿದವಳು. ತೋಳ ಕಂಡರೂ ದನಿ ಏರಿಸಿದವಳಲ್ಲ. ಅಂಥವಳು ಹೋದ ತಿಂಗಳು ಹಾಲಿನ ಡೇರಿ ಮುಂದೆ, ನಾಲ್ಕು ಮಂದಿಯೆದುರು, ನೆರೆಮನೆಯ ಪಾರಿಸನನ್ನು ಕಳ್ಳ ಅಂದುಬಿಟ್ಟಳು.

ಆಕೆಯ ಮನೆಯ ಮೇಲೆ ಸೋಲಾರ್ ತಗಡುಗಳಿವೆ. ಬಳಸಿ ಉಳಿದ ಕರೆಂಟನ್ನು ನೆರೆಯವರಿಗೆ ಮಾರಬಹುದೆಂಬ ಹೊಸ ಏರ್ಪಾಡು ಊರಿಗೆ ಬಂದಿದೆ. ಪಾರಿಸ ಅದನ್ನು ತನ್ನ ದ್ರಾಕ್ಷಿಯ ಕೋಲ್ಡ್ ಸ್ಟೋರೇಜಿಗೆ ಕೊಳ್ಳುತ್ತಾನೆ. ಮೀಟರು ಅವನ ಗೋಡೆಗಿದೆ. ಬಿಸಿಲಿದ್ದ ದಿನ ಹತ್ತು ಯುನಿಟ್ ತೋರಿಸಿದರೆ, ಮೋಡವಾದ ದಿನ ನಾಲ್ಕು.

"ತಗಡು ಅಷ್ಟೇ ಅದಾವ. ಮೂರು ಕಿಲೋವ್ಯಾಟ್ ಅಂತ ಕೂಡ್ಸಿದವ್ರ ಹೇಳ್ಯಾರ. ಯುನಿಟ್ ಹೆಂಗ ಕಡಿಮಿ ಆದ್ವು? ನಡುವ ಇಂವನ ಕದ್ದಾನ. ಕಳ್ಳ!"

ಪಾರಿಸ ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಹೋದ. ಮರುದಿನದಿಂದ ಡೇರಿಗೆ ಬರುವುದನ್ನೇ ಬಿಟ್ಟ. ಅವನ ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಪ್ರತಿವರ್ಷ ರಾತ್ರಿ ನಿಲ್ಲುತ್ತಿದ್ದ ಮಲಕವ್ವನ ಕುರಿಗಳಿಗೂ ಈ ಸಲ ಕರೆ ಬರಲಿಲ್ಲ.

ಸೊಸೆ ಪ್ರಾಜಕ್ತಾ ಮಿರಜದವಳು. ಒಂದು ಸಂಜೆ ರೊಟ್ಟಿ ಬಡಿಯುತ್ತ ಅಂದಳು: "ಅತ್ತಿ, ಉಗಾಚ್, ಸುಮ್ಮಸುಮ್ಮನ ಒಬ್ಬರ ಮರ್ಯಾದಿ ಕಳದ್ರಿ. ಪೂರಾ ಹಿಂಡು ರಾತ್ರಿಯೆಲ್ಲಾ ಹೊಲದಾಗ ನಿಂತ್ರೂ, ಅರ್ಧಾ ಹಿಂಡು ಎರಡು ತಾಸು ನಿಂತ್ರೂ ಗೊಬ್ಬರ ಅಷ್ಟೇ ಬೀಳ್ತೈತೇನ್ರಿ?"

"ಹುಚ್ಚಿ, ಅದ್ಹೆಂಗ ಬೀಳ್ತೈತಿ?"

"ಮತ್ತ! ಕಿಲೋವ್ಯಾಟ್ ಅಂದ್ರ ನಿಂತ ಹಿಂಡು. ಯುನಿಟ್ ಅಂದ್ರ ಬಿದ್ದ ಗೊಬ್ಬರ. ಮೂರು ಅನ್ನೋದು ಸುಡುಬಿಸಿಲಿನ ಪೂರಾ ಹಿಂಡು. ಮೋಡ ಬಂದ್ರ ಕುರಿ ಕಡಿಮಿ, ಗೊಬ್ಬರಾನೂ ಕಡಿಮಿ."

ಮಲಕವ್ವ ಅಂಗಳಕ್ಕೆ ಬಂದು, ಮನೆಯ ಮೇಲಿನ ತಗಡುಗಳನ್ನು ತಲೆಯೆತ್ತಿ ನೋಡಿದಳು.

ಒಂದು ಕಿಲೋವ್ಯಾಟ್ ಒಂದು ತಾಸು ಓಡಿದರೆ ಒಂದು ಯುನಿಟ್. ಇಷ್ಟು ಹೇಳಲು ಒಂದು ಉಸಿರು ಸಾಕು. ತಗಡು ಕೂಡಿಸಿ, ಫೋಟೋ ತೆಗೆಸಿಕೊಂಡು ಹೋದವರಿಗೆ ಆ ಒಂದು ಉಸಿರಿಗೂ ಪುರುಸೊತ್ತಿರಲಿಲ್ಲ. ತಾಕತ್ತು ತೋರಿಸಿ ಮಾರುವವರು, ಕೈಗೆ ಬರುವುದೆಷ್ಟು ಎಂದು ಬಾಯಿ ಬಿಡುವುದಿಲ್ಲ. ಮಾತು ನುಂಗಿದವರು ಅವರು, ಕಳ್ಳನೆನಿಸಿಕೊಂಡವನು ಪಾರಿಸ.

ಮರುದಿನ ಮುಂಜಾನೆ ಮಲಕವ್ವ ಅವನ ಬಾಗಿಲಿಗೆ ಹೋದಳು.

"ಕ್ಯಾನು ತಗೋಳಪ್ಪಾ, ಡೇರಿಗೆ ಹೋಗೂಣು."

"ಏನಿದ್ರೂ ಇಲ್ಲೇ ಹೇಳ್ರಿ ಆಯಿ, ಮುಗೀತು."

"ಬೈದದ್ದು ನಾಲ್ಕು ಮಂದಿ ಮುಂದ. ಒಳಗ ಕುಂತು ತಪ್ಪಾತಂದ್ರ ನಾನ ಕಳ್ಳಿ ಆಗ್ತೇನಿ."

ಡೇರಿ ಮುಂದೆ ನಿಂತವರಿಗೆಲ್ಲ ಕೇಳುವಂತೆ ಹೇಳಿದಳು: "ಪಾರಿಸ ಕಳ್ಳ ಅಲ್ಲ. ನನಗ ತಿಳೀಲಿಲ್ಲ, ನಾನ ತಪ್ಪಿದೆ."

ಯಾರೋ ಕಿಸಕ್ಕನೆ ನಕ್ಕರು.

"ನಗ್ರಿ, ನಗ್ರಿ. ಹಂಗಾರ ಕಿಲೋವ್ಯಾಟಿಗೂ ಯುನಿಟ್ಟಿಗೂ ಏನ ಫರಕ, ನೀವ ಹೇಳ್ರಿ ನೋಡೂಣು?"

ನಕ್ಕವರು ತಮ್ಮ ಕ್ಯಾನಿನ ಮುಚ್ಚಳ ತಿರುವತೊಡಗಿದರು. ಪಾರಿಸ ಮಾತ್ರ ಮುಗುಳ್ನಕ್ಕು, ತನ್ನ ಕ್ಯಾನನ್ನು ಸಾಲಿನಲ್ಲಿಟ್ಟ.