ವಾರ್ಡಿನ ಆಮೇಲಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಎರಡನೇ ಮಹಡಿಯ ಉದ್ದನೆಯ ವಾರ್ಡಿನಲ್ಲಿ ಪರದೆಗಳನ್ನು ಒಂದೊಂದಾಗಿ ಸರಿಸುತ್ತ ಆಯಾ ಬರುತ್ತಾರೆ. ಇಲ್ಲಿರುವುದು ಇಪ್ಪತ್ತೆರಡು ಹಾಸಿಗೆ. ಮಲಗಿರುವವರೆಲ್ಲ ಪಾರ್ಶ್ವವಾಯು ಬಡಿದು ಮಾತು ತಡವರಿಸುವವರು, ಇಲ್ಲವೇ ಮಾತು ನಿಂತೇ ಹೋದವರು. ಒಂಬತ್ತನೇ ಹಾಸಿಗೆಯ ಬಡಗಿಯ ಬಲಗೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ, ಕಿಟಕಿಯಲ್ಲಿ ಏನು ಕಂಡಿತು ಎಂದು ಆಯಾ ವಿಚಾರಿಸುತ್ತಾರೆ.

“ಕಾಗೆ,” ಎನ್ನುತ್ತಾರೆ ಬಡಗಿ, ಬಹಳ ಹೊತ್ತಿನ ಮೇಲೆ.

“ಆಮೇಲೆ?”

“ಕೂತ್ಕೊಂತು.”

“ಆಮೇಲೆ?”

ಬಡಗಿಯ ಬಾಯಿಯ ಒಂದು ಬದಿ ಮಾತ್ರ ನಗುತ್ತದೆ. “ಬೇಜಾರಾಯ್ತು. ಹೋಯ್ತು.”

ಆಯಾ ಕೈಯೊರೆಸಿಕೊಂಡು ಜೇಬಿನಿಂದ ನೋಟುಬುಕ್ಕು ತೆಗೆದು ಅದನ್ನು ಬರೆದುಕೊಳ್ಳುತ್ತಾರೆ. ನಿನ್ನೆಯವರೆಗೂ ಬಡಗಿಯ ಕಾಗೆ ಬರೀ ಬಂದು ಹೋಗುತ್ತಿತ್ತು. “ಬೇಜಾರಾಯ್ತು ಅಂದ್ರಲ್ಲ, ಅಲ್ಲಿಗೆ ಕಥೆ ಹುಟ್ಟಿತು. ಬಂತು, ಹೋಯ್ತು ಅಂದ್ರೆ ಬರೀ ವರದಿ,” ಎನ್ನುತ್ತಾರೆ. ದಿನಕ್ಕೆ ನೂರು ಸಲವಾದರೂ ‘ಆಮೇಲೆ’ ಎನ್ನುವ ಇವರಿಗೆ ವಾರ್ಡಿನವರು ಇಟ್ಟ ಹೆಸರು ಆಮೇಲಕ್ಕ.

ಐವತ್ತನಾಲ್ಕರ ಆಮೇಲಕ್ಕ ಓದಿದ್ದು ಹತ್ತನೇ ತರಗತಿ. ಮದುವೆಯಾದ ಮೇಲೆ ಹದಿನೆಂಟು ವರ್ಷ ವಿಶ್ವವಿದ್ಯಾಲಯದ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೂತು ಸಂಶೋಧಕರ ಪ್ರಬಂಧಗಳನ್ನು ಟೈಪು ಮಾಡಿದರು. “ಮೊದಮೊದಲು ಕಣ್ಣಿಗೆ ಅಕ್ಷರ ಮಾತ್ರ ಕಾಣ್ತಿತ್ತು. ಏನು ಬರೆದಿದ್ದಾರೆ ಅಂತ ನೋಡೋಕೆ ಪುರುಸೊತ್ತೆಲ್ಲಿ?”

ಆ ಪುರುಸೊತ್ತನ್ನು ಕೊಟ್ಟಿದ್ದು ಒಬ್ಬ ಕಟ್ಟುನಿಟ್ಟಿನ ಪ್ರಾಧ್ಯಾಪಕರು. ಕಥೆ ಹೇಳುವ ಬಗೆಗಿನ ಭಾರತೀಯ ಮತ್ತು ಪಾಶ್ಚಾತ್ಯ ಸಿದ್ಧಾಂತಗಳನ್ನು ಹೋಲಿಸಿ ಅವರ ವಿದ್ಯಾರ್ಥಿನಿಯೊಬ್ಬರು ಬರೆದ ನಾನೂರ ಹನ್ನೆರಡು ಪುಟಗಳ ಪ್ರಬಂಧವನ್ನು ಅವರು ಎರಡು ಸಲ ತಿದ್ದಿ ವಾಪಸು ಕಳಿಸಿದರು. ಮೂರನೇ ಸಲ ಟೈಪು ಮಾಡುವಾಗ ಅಕ್ಕನಿಗೆ ವಿಷಯ ತಲೆಗೆ ಹತ್ತಿತು. ಎರಡನೇ ಅಧ್ಯಾಯದಲ್ಲಿ ಹೇಳಿದ್ದಕ್ಕೆ ನಾಲ್ಕನೆಯದರಲ್ಲಿ ತದ್ವಿರುದ್ಧವಾಗಿ ಬರೆದಿದೆಯಲ್ಲ ಎಂದು ಆ ಸಂಶೋಧಕಿಯನ್ನು ಕೇಳಿಯೇಬಿಟ್ಟರು. ಆಕೆ ಪುಟ ತಿರುವಿ ನೋಡಿ ಬೆಪ್ಪಾದರಂತೆ. ಮರುದಿನವೇ ಒಂದು ಚೀಲ ಪುಸ್ತಕ ತಂದು ಅಕ್ಕನ ಮೇಜಿನ ಮೇಲಿಟ್ಟರು.

ಅಲ್ಲಿಂದ ಓದು ನಿಂತಿಲ್ಲ. ಎಲ್ಲರ ಮನೆಗೂ ಕಂಪ್ಯೂಟರ್ ಬಂದು ಟೈಪಿಂಗ್ ಅಂಗಡಿಯ ಬಾಗಿಲು ಮುಚ್ಚಿದಾಗ ಅಕ್ಕನಿಗೆ ನಲವತ್ತೊಂದು ವರ್ಷ. ಆರು ತಿಂಗಳು ಕೆಲಸಕ್ಕಾಗಿ ಅಲೆದು ಕೊನೆಗೆ ಆಯಾ ಆಗಿ ಸೇರಿದರು. ಗಡಿಯಾರ ರಿಪೇರಿ ಮಾಡುವ ಯಜಮಾನರಿಗೆ ಹೆಂಡತಿಯ ಓದಿನ ಮೇಲೆ ಸಣ್ಣ ದೂರೊಂದಿದೆ. “ಸಾರಿಗೆ ಉಪ್ಪು ಜಾಸ್ತಿ ಅಂದ್ರೆ, ಇದನ್ನ ಯಾರ ದೃಷ್ಟಿಯಿಂದ ಹೇಳ್ತಿದ್ದೀರಿ ಅಂತಾಳೆ,” ಎಂದು ಅವರು ನಗುತ್ತಾರೆ.

ಆಸ್ಪತ್ರೆಯಲ್ಲಿ ಮೊದಲು ಎಡವಿದ್ದೂ ಉಂಟು. ಮಾತು ಈಗಷ್ಟೇ ಮರಳುತ್ತಿದ್ದ ಅಜ್ಜಿಯೊಬ್ಬರನ್ನು ಅಕ್ಕ ಬಿಡದೆ ‘ಆಮೇಲೆ, ಆಮೇಲೆ’ ಎಂದು ಕೇಳಿ, ತೀರಿಹೋದ ಮಗನ ವಿಷಯಕ್ಕೆ ತಂದು ನಿಲ್ಲಿಸಿದರು. ಅಜ್ಜಿ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಹಾಸಿಗೆ ಬಟ್ಟೆ ಬದಲಿಸುವುದಷ್ಟೇ ನಿಮ್ಮ ಕೆಲಸ ಎಂದು ದೊಡ್ಡ ಡಾಕ್ಟರು ಗದರಿದರು. ತಪ್ಪು ತನ್ನದೇ ಎನ್ನುತ್ತಾರೆ ಅಕ್ಕ. “ಔಚಿತ್ಯ ಅನ್ನೋ ಮಾತನ್ನ ಸಾವಿರ ಸಲ ಟೈಪ್ ಮಾಡಿದ್ದೆ. ಅರ್ಥ ಆಗಿದ್ದು ಅವತ್ತು.”

ಅವರ ಓದು ಕೈಹಿಡಿದಿದ್ದು ಶಾಲಾ ಬಸ್ಸಿನ ಡ್ರೈವರೊಬ್ಬರ ವಿಷಯದಲ್ಲಿ. ಬಿಡಿ ಪದಗಳು ಅವರಿಗೆ ಬರುತ್ತಿದ್ದವು, ಜೋಡಿಸಲು ಮಾತ್ರ ಆಗುತ್ತಿರಲಿಲ್ಲ. ಮಾತಿನ ಚಿಕಿತ್ಸೆ ಕೊಡುವ ಮೇಡಂ ಚಿತ್ರದ ಕಾರ್ಡುಗಳನ್ನು ಕೊಟ್ಟು, ಮೊದಲು ಯಾವುದು, ನಂತರ ಯಾವುದು ಎಂದು ಕೇಳಿದರೆ ಡ್ರೈವರು ಸಿಟ್ಟಿನಿಂದ ನೆಲಕ್ಕೆ ಚೆಲ್ಲುತ್ತಿದ್ದರು. ಮೂರು ವಾರವಾದರೂ ಬದಲಾವಣೆ ಕಾಣದೆ, ಮಗಳು ಅವರನ್ನು ಮನೆಗೆ ಕರೆದೊಯ್ಯಲು ಬಟ್ಟೆಬರೆ ಕಟ್ಟತೊಡಗಿದಳು.

ಆಗ ಅಕ್ಕನಿಗೆ ಓದಿದ್ದೆಲ್ಲ ನೆನಪಾಯಿತು. ನಡೆದ ಕ್ರಮವೇ ಬೇರೆ, ಹೇಳುವ ಕ್ರಮವೇ ಬೇರೆ ಎನ್ನುತ್ತಾರೆ ಪಶ್ಚಿಮದ ಪಂಡಿತರು. ಹಾಗಾದರೆ ಮೊದಲಿನಿಂದಲೇ ಶುರುಮಾಡು ಎಂದು ಈ ಮನುಷ್ಯನನ್ನು ಯಾಕೆ ಕಾಡಬೇಕು? ನಮ್ಮ ಹಳೆಯ ಕಥೆಗಳಲ್ಲಂತೂ ಒಬ್ಬರು ಕೇಳದೆ ಇನ್ನೊಬ್ಬರು ಬಾಯಿ ಬಿಡುವುದೇ ಇಲ್ಲ. ಹಾಗೆ ಮನಸಾರೆ ಕೇಳುವವರು ಇವರಿಗೆ ಯಾರಿದ್ದಾರೆ? ಮೇಡಂ ಒಪ್ಪಿಗೆ ಪಡೆದು ಅಕ್ಕ ಮಗಳನ್ನು ಪಕ್ಕಕ್ಕೆ ಕರೆದರು. “ಗೊತ್ತಿರೋದನ್ನ ಕೇಳಿದ್ರೆ ಅದು ಪರೀಕ್ಷೆ ಆಗುತ್ತಮ್ಮ. ನಿನಗೆ ನಿಜವಾಗ್ಲೂ ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಕೇಳು. ಎಲ್ಲಿಂದ ಬೇಕಾದ್ರೂ ಶುರು ಮಾಡ್ಲಿ.”

ಮಗಳು ಅಪ್ಪನ ಬಳಿ ಹೋದಳು. ಅವಳಿಗೆ ಏಳು ವರ್ಷವಿದ್ದಾಗ ಒಂದು ಸಂಜೆ ಅಪ್ಪ ಸಮಯಕ್ಕೆ ಕರೆದೊಯ್ಯಲು ಬರದೆ, ಕತ್ತಲಾಗುವವರೆಗೆ ಶಾಲೆಯ ಗೇಟಿನ ಬಳಿ ಅಳುತ್ತ ನಿಂತಿದ್ದಳು. ಮರೆತೆ ಎಂದಷ್ಟೇ ಅಪ್ಪ ಅಂದು ಹೇಳಿದ್ದು. ಅವಳು ಅದನ್ನು ಮರೆತಿರಲಿಲ್ಲ. “ಅವತ್ತು ಯಾಕಪ್ಪ ಟೈಮಿಗೆ ಬರ್ಲಿಲ್ಲ?” ಎಂದು ಕೇಳಿದಳು.

ಡ್ರೈವರು ಆ ದಿನ ಹೇಳಿದ್ದು ಒಂದೇ ಮಾತು: ಮರಳು. ಮರುದಿನ ಇನ್ನೊಂದು: ಇಳಿಜಾರು. ಮೂರನೇ ದಿನ, ಬ್ರೇಕು. ಕೊನೆಯದು ಮೊದಲು, ಮೊದಲಿನದು ಕೊನೆಗೆ. ಅಕ್ಕ ಒಂದನ್ನೂ ತಿದ್ದಗೊಡಲಿಲ್ಲ. ಮಗಳು ಕೇಳುತ್ತ ಹೋದಂತೆ ಸಂಗತಿ ಕೂಡಿಬಂತು: ಅಂದು ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಅವರು ಬಸ್ಸನ್ನು ಮರಳಿನ ಗುಡ್ಡೆಗೆ ನುಗ್ಗಿಸಿದ್ದರು. ಒಳಗಿದ್ದ ಮೂವತ್ತೊಂದು ಮಕ್ಕಳಲ್ಲಿ ಒಬ್ಬರಿಗೂ ಪೆಟ್ಟಾಗಿರಲಿಲ್ಲ. ಹೆಂಡತಿಗೆ ಗೊತ್ತಾದರೆ ಗಾಬರಿಬೀಳುತ್ತಾಳೆಂದು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾಲ್ಕನೇ ದಿನ ಅವರು ಮಗಳ ಕೈ ಹಿಡಿದು, ತಡವರಿಸದೆ ಎರಡು ವಾಕ್ಯ ಹೇಳಿದರು.

“ಎಲ್ಲಾ ಮಕ್ಕಳನ್ನೂ ನಡೆಸ್ಕೊಂಡು ಮನೆಗೆ ಬಿಟ್ಟೆ. ನಿನ್ನನ್ನೇ ಕೊನೆಗೆ.”

ಮಗಳು ಕಟ್ಟಿದ್ದ ಬಟ್ಟೆಗಂಟನ್ನು ಬಿಚ್ಚಿದಳು. ಡ್ರೈವರು ಇನ್ನೂ ಎರಡು ತಿಂಗಳು ಇದ್ದು, ಎಲ್ಲರಿಗೂ ಹೇಳಿಹೋಗುವಷ್ಟು ಮಾತು ಕಲಿತು ಮನೆಗೆ ಹೋದರು. ಈಗ ಗುರುವಾರಗಳಂದು ಅಕ್ಕನಿಗೆ ಮಾತಿನ ಚಿಕಿತ್ಸೆಯ ಕೋಣೆಯಲ್ಲೇ ಕೆಲಸ. ಹಾಗೆಂದು ಬರೆದ ಚೀಟಿಗೆ ದೊಡ್ಡ ಡಾಕ್ಟರೇ ಸಹಿ ಹಾಕಿದ್ದಾರೆ. “ಪದ ನಾನು ಕೊಡ್ತೀನಿ. ಕೇಳೋರನ್ನ ಅಕ್ಕ ಹುಡುಕಿ ಕೊಡ್ತಾರೆ,” ಎನ್ನುತ್ತಾರೆ ಮೇಡಂ. ಅಕ್ಕನ ಹನ್ನೊಂದು ನೋಟುಬುಕ್ಕುಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಅರ್ಧಂಬರ್ಧ ಕಥೆಗಳಿವೆ. ಪುಸ್ತಕ ಮಾಡಬಾರದೇ ಎಂದರೆ, ಅವರವರ ಕಥೆ ಅವರವರದ್ದು ಎಂದು ಅಡ್ಡಡ್ಡ ತಲೆಯಾಡಿಸುತ್ತಾರೆ.

ಆಸ್ಪತ್ರೆಯಿಂದ ಏನು ಬೇಕು ಎಂದು ಕೇಳಿದರೆ ವಾರ್ಡಿನ ಉದ್ದಕ್ಕೂ ಒಮ್ಮೆ ಕಣ್ಣಾಡಿಸುತ್ತಾರೆ. “ಇಪ್ಪತ್ತೆರಡು ಹಾಸಿಗೆಗೆ ಇರೋದು ಆರೇ ಕುರ್ಚಿ. ಇನ್ನು ಹದಿನಾರು ಕೊಟ್ರೆ ಸಾಕು. ಬಂದವರು ನಿಂತೇ ಮಾತಾಡ್ಸಿದ್ರೆ, ಇವರು ಈಗಲೇ ಹೊರಟುಬಿಡ್ತಾರೆ ಅನ್ಸುತ್ತೆ ಮಲಗಿದೋರಿಗೆ. ಹೊರಡೋರಿಗೆ ಯಾರು ತಾನೇ ಕಥೆ ಹೇಳ್ತಾರೆ?”