ಕೆಂಚಿ ಓಡದ ಮೂರನೆಯ ರೇಸು

ನಾನು ರೇಸ್ ಕೋರ್ಸಿನ ಒಳಗೆ ಕಾಲಿಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಯಾವ ಕುದುರೆಯನ್ನು ನೋಡಬೇಕೆಂದು ಹೋಗಿದ್ದೆನೋ ಅದು ಓಡದ ದಿನ. ಆದರೂ ಕುದುರೆಯ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಈ ವಿದ್ಯೆ ಎಲ್ಲಿ ಸಿಕ್ಕಿತು ಎಂದರೆ, ಚಾಮರಾಜಪೇಟೆಯ ನಮ್ಮ ವಠಾರದ ನಲ್ಲಿಯ ಬುಡದಲ್ಲಿ. ಪಕ್ಕದ ಮನೆಯ ಮುನಿಸ್ವಾಮಿ ಮೂವತ್ತು ವರ್ಷ ರೇಸ್ ಕುದುರೆಗಳ ಮೈ ತಿಕ್ಕಿ, ಮೇವು ಹಾಕಿ, ನಡೆದಾಡಿಸಿದವನು. ನೀರಿಗೆ ನಿಂತಾಗ ಜನ ಪಕ್ಕದ ಮನೆಯ ಸೊಸೆಯ ಮಾತಾಡಿದರೆ, ಅವನು ಕುದುರೆಯ ಹಲ್ಲಿನ ಮಾತಾಡುತ್ತಿದ್ದ. ಕೇಳಲು ಅದೇ ಮೇಲು.

ಕೊನೆಗೆ ಅವನ ಕೈಯಲ್ಲಿದ್ದದ್ದು ಕೆಂಚು ಬಣ್ಣದ ಒಂದು ಹೆಣ್ಣು ಕುದುರೆ. ಕಾಗದದಲ್ಲಿ ಅದಕ್ಕೆ ನನ್ನ ನಾಲಿಗೆ ಹೊರಳದ ಇಂಗ್ಲಿಷ್ ಹೆಸರು, ಲಾಯದಲ್ಲಿ ಕೆಂಚಿ. ತೊಂಬತ್ತರ ದಶಕದ ಒಂದು ವರ್ಷ ಕೆಂಚಿ ಮೂರು ದೊಡ್ಡ ರೇಸುಗಳಲ್ಲಿ ಮೊದಲ ಎರಡನ್ನು ಗೆದ್ದುಬಿಟ್ಟಿತು. ಮೂರನ್ನೂ ಗೆದ್ದರೆ ಅದರ ಗೌರವವೇ ಬೇರೆ. ಗೆದ್ದ ಕುದುರೆಯ ಲಗಾಮು ಹಿಡಿದು ಜನರ ನಡುವೆ ನಡೆಸಿಕೊಂಡು ಬರುವುದು ಅದನ್ನು ನೋಡಿಕೊಂಡವನ ಹಕ್ಕು. ಮುನಿಸ್ವಾಮಿ ಎಷ್ಟೋ ಸಲ ಹಾಗೆ ನಡೆದಿದ್ದ, ಆದರೆ ಮೂರನ್ನೂ ಗೆದ್ದ ಕುದುರೆಯ ಜೊತೆ ಒಮ್ಮೆಯೂ ಇಲ್ಲ. ಆ ವರ್ಷ ಅವನ ನಿವೃತ್ತಿ. ಇನ್ನೊಂದು ಕುದುರೆ ಬರುವ ಮಾತೇ ಇರಲಿಲ್ಲ.

"ಎರಡು ಗೆದ್ದಿದ್ದು ಇನ್ನೊಂದು ಗೆಲ್ಲಲ್ವೇನಪ್ಪಾ, ಅದೇನು ಕಷ್ಟ?" ಎಂದೆ ನಾನು.

"ಮೊದಲ್ನೇದು ಗಿಡ್ಡ ಓಟ ಅಮ್ಮಾ, ಎರಡನೇದು ಉದ್ದ, ಮೂರನೇದು ಇನ್ನೂ ಉದ್ದ. ಜೋರಾಗಿ ಓಡೋ ಕುದ್ರೆಗೆ ದಮ್ ಇರಲ್ಲ. ದಮ್ ಇರೋದಕ್ಕೆ ಜೋರಿರಲ್ಲ."

ಇದು ಅಡಿಗೆ ಮಾಡುವವರಿಗೆ ಬೇಗ ಅರ್ಥವಾಗುತ್ತದೆ. ಒಗ್ಗರಣೆಗೆ ಬೇಕಾದ ಉರಿ ಬೇರೆ, ಹುಳಿ ಕುದಿಯುವ ಉರಿ ಬೇರೆ, ಹುರುಳಿ ಬೇಯುವ ಉರಿಯೇ ಬೇರೆ. ಒಂದೇ ಉರಿಯಲ್ಲಿ ಮೂರನ್ನೂ ಮಾಡಿ ಬಡಿಸು ಎಂದರೆ ನಾನೂ ಸೋಲುತ್ತೇನೆ. ಮೇಲಾಗಿ ಆ ರೇಸುಗಳು ಒಂದೇ ವಯಸ್ಸಿನ ಕುದುರೆಗಳಿಗೆ, ಹಾಗಾಗಿ ಒಂದು ಕುದುರೆಗೆ ಒಂದೇ ವರ್ಷದ ಅವಕಾಶ. ನನ್ನ ಮಗ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತ, ಕುದುರೆಗೆ ಆ ಸೌಕರ್ಯವಿಲ್ಲ. ಇನ್ನು, ಮೊದಲೆರಡರಲ್ಲಿ ಮೈಮುರಿದು ಓಡಿದ ಕುದುರೆಯ ಎದುರಿಗೆ, ಮೂರನೆಯದಕ್ಕೆಂದೇ ಬಿಡುವು ಕೊಟ್ಟು ಕಾಪಿಟ್ಟ ಕುದುರೆಗಳು ಬಂದು ನಿಲ್ಲುತ್ತವೆ. ಮದುವೆ ಮನೆಯಲ್ಲಿ ಮೂರು ದಿನ ದುಡಿದವಳ ಪಕ್ಕ, ಊಟದ ಹೊತ್ತಿಗೆ ಇಸ್ತ್ರಿ ಸೀರೆಯುಟ್ಟು ಬಂದವಳು ನಿಂತರೆ ಯಾರು ಲಕ್ಷಣವಾಗಿ ಕಾಣುತ್ತಾರೆ?

ಕೆಂಚಿಯ ಗೆಲುವಿನಲ್ಲಿ ನನ್ನದೂ ಪಾಲಿದೆ ಎಂದು ನಾನು ಆಗ ನಂಬಿದ್ದೆ. ನಮ್ಮಲ್ಲಿ ಹುರುಳಿ ಬೇಯಿಸಿದರೆ ಕಟ್ಟು ಬಸಿದು ಸಾರಿಗೆ ಇಟ್ಟುಕೊಂಡು, ಬೆಂದ ಕಾಳನ್ನು ಹಸುವಿಗೆ ಹಾಕುವುದು ರೂಢಿ. ಬೀದಿಯಲ್ಲಿ ಹಸು ಕಡಿಮೆಯಾದ ಮೇಲೆ ನಾನು ಅದನ್ನು ಡಬ್ಬಿಗೆ ತುಂಬಿ ಕೆಂಚಿಗೆಂದು ಮುನಿಸ್ವಾಮಿಯ ಕೈಗೆ ಕೊಡುತ್ತಿದ್ದೆ. ಆರು ತಿಂಗಳು ಕೊಟ್ಟಿದ್ದೇನೆ. ಒಂದು ದಿನ ಅವನ ಹೆಂಡತಿ ರಾಜಮ್ಮ ತಡೆಯಲಾರದೆ ಹೇಳಿದಳು. ರೇಸ್ ಕುದುರೆಗೆ ಹೊರಗಿನ ಒಂದು ಕಾಳನ್ನೂ ಹಾಕುವಂತಿಲ್ಲವಂತೆ. ನನಗೆ ಬೇಜಾರಾದೀತೆಂದು ಅವನು ಡಬ್ಬಿಯನ್ನು ದಾರಿಯಲ್ಲಿ, ಆಗ ಉಳಿದಿದ್ದ ಒಂದು ಜಟಕಾದ ಕುದುರೆಗೆ ಸುರಿದು ಹೋಗುತ್ತಿದ್ದನಂತೆ. ಆ ಜಟಕಾ ಕುದುರೆ ಯಾಕೆ ಗುಂಡಗಾಗುತ್ತಿದೆ ಎಂದು ನಾನೇ ಬೆರಗಾಗಿದ್ದೆ. ಎದುರಿಗಿದ್ದವರ ಮುಖ ಸಣ್ಣದಾಗುವ ಮಾತನ್ನು ಆ ಮನುಷ್ಯ ಆಡಲಾರ ಎಂದು ಅಂದು ತೀರ್ಮಾನಿಸಿದೆ. ನನ್ನ ತೀರ್ಮಾನ ತಪ್ಪು.

ಮೂರನೆಯ ರೇಸಿನ ದಿನ ರಾಜಮ್ಮ, ನಾನು ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ ಹೋದೆವು. ಬಿಸಿಲಲ್ಲಿ ನಿಂತು ನಿಂತು ಕೊನೆಗೆ ತಿಳಿಯಿತು, ಕೆಂಚಿಯನ್ನು ಬೆಳಿಗ್ಗೆಯೇ ರೇಸಿನಿಂದ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಗೆದ್ದದ್ದು ಹಿಂದಿನ ರೇಸಿನಲ್ಲಿ ಕೆಂಚಿಯ ಬಾಲ ನೋಡುತ್ತಾ ಬಂದಿದ್ದ ಕುದುರೆ.

ಸಂಜೆ ಮುನಿಸ್ವಾಮಿ ಜಗಲಿಯ ಮೇಲೆ ಕೂತು ನಡೆದದ್ದನ್ನು ಹೇಳಿದ. ದಿನಾ ಬೆಳಿಗ್ಗೆ ಅವನು ಕಣ್ಣು ಮುಚ್ಚಿ, ಕೈಯ ಹಿಂಭಾಗದಿಂದ ಕುದುರೆಯ ನಾಲ್ಕೂ ಕಾಲುಗಳನ್ನು ಮೇಲಿಂದ ಕೆಳಗೆ ಸವರಿ ನೋಡುವವನು. ಆ ದಿನ ಮುಂದಿನ ಎಡಗಾಲಲ್ಲಿ, ಮಂಡಿಯಿಂದ ಕೆಳಗೆ, ಒಂದು ಕಡೆ ತುಸು ಬಿಸಿ. ತರಬೇತುದಾರ ಮುಟ್ಟಿ ನೋಡಿ ಏನೂ ಇಲ್ಲ ಎಂದ. ಡಾಕ್ಟರೂ ಏನೂ ಕಾಣುತ್ತಿಲ್ಲ ಎಂದರು. ಕುದುರೆಯ ಯಜಮಾನರು ಬಂದು, "ಮೂವತ್ತು ವರ್ಷ ಕಾದಿದೀಯ, ಸರಿಯಾಗಿ ಯೋಚ್ನೆ ಮಾಡಿ ಹೇಳು" ಎಂದರು. ಇವನು ತಲೆ ಬಗ್ಗಿಸಿಕೊಂಡು, "ಬಿಸಿ ಇದೆ ಸಾರ್" ಎಂದನಂತೆ. ಅಷ್ಟು ವರ್ಷ ಆ ಕೈಯನ್ನು ನಂಬಿದ್ದವರು ಆ ದಿನ ಮಾತ್ರ ನಂಬದೆ ಹೇಗಿರುತ್ತಾರೆ?

ನನಗೆ ಸಿಟ್ಟು ಬಂತು. "ಎಲ್ಲಾರೂ ಇಲ್ಲ ಅಂದ್ಮೇಲೆ ನೀನ್ಯಾಕಯ್ಯಾ ಬಾಯಿ ಬಿಟ್ಟೆ? ಸುಮ್ನಿರ್ಬೇಕು ಅಂತ ಅನ್ನಿಸ್ಲಿಲ್ವಾ?"

"ಅನ್ನಿಸ್ತು ಅಮ್ಮಾ," ಎಂದ. "ಅವ್ರಿಗೆ ಹೇಳೋಕ್ ಮುಂಚೆ ಲಾಯದ ನಲ್ಲಿ ಹತ್ರ ಹೋಗಿ ತಣ್ಣೀರಲ್ಲಿ ಕೈ ಇಟ್ಕೊಂಡು ನಿಂತಿದ್ದೆ. ನನ್ ಕೈದೇ ಬಿಸಿ ಇರ್ಬೋದು ಅಂತ. ವಾಪಸ್ ಬಂದು ಮುಟ್ಟಿದ್ರೆ, ಹಂಗೇ ಇತ್ತು."

ಮೂರನೆಯ ದಿನಕ್ಕೆ ಅದೇ ಜಾಗ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಅಷ್ಟು ದೂರ ಓಡಿಸಿದ್ದರೆ ಕಾಲು ಹೋಗುತ್ತಿತ್ತು ಎಂದರು ಡಾಕ್ಟರು. ಕಾಲು ಹೋದ ರೇಸ್ ಕುದುರೆಗೆ ಏನು ಮಾಡುತ್ತಾರೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೆಂಚಿ ಮುಂದೆ ಎರಡು ಮೂರು ಮರಿ ಹಾಕಿ ಸುಖವಾಗಿತ್ತಂತೆ. ಮುನಿಸ್ವಾಮಿ ಆ ತಿಂಗಳ ಕೊನೆಗೆ ಲಾಯದ ಬಾಗಿಲು ಹಾಕಿ ಮನೆಗೆ ಬಂದ.

ಕುದುರೆಗಳು ಎರಡಕ್ಕೇ ಯಾಕೆ ನಿಲ್ಲುತ್ತವೆ ಎಂದು ತಿಳಿದವರು ಮಾತಾಡುವುದನ್ನು ಆಮೇಲೂ ಕೇಳಿದ್ದೇನೆ. ದಮ್ಮು, ದೂರ, ಸವಾರನ ಆತುರ, ಎಲ್ಲಾ ಸರಿ. ಮೂರೂ ಗೆದ್ದವುಗಳ ಹೆಸರನ್ನು ಹಲಗೆಯ ಮೇಲೆ ಬರೆಸುತ್ತಾರಂತೆ. ಎರಡಕ್ಕೇ ನಿಂತವುಗಳಿಗೂ ಒಂದು ಹಲಗೆ ಇದ್ದರೆ, ಪಕ್ಕದಲ್ಲಿ ಬೆಳಿಗ್ಗೆ ಕಾಲು ಸವರಿದವನ ಹೆಸರನ್ನೂ ಬರೆಯಿರಿ ಎನ್ನುತ್ತಿದ್ದೆ.

ಮೊನ್ನೆ ನಾನು ಮಂಡಿ ನೋವೆಂದು ಗೊಣಗುತ್ತಾ ಆಟೋಗೆ ಕಾಯುತ್ತಿದ್ದೆ. ಮುನಿಸ್ವಾಮಿ ನೋಡಿ, "ಕೈ ಹಿಂಭಾಗ ಇಟ್ಟು ನೋಡ್ಕೊಳ್ಳಿ ಅಮ್ಮಾ, ಬಿಸಿ ಇದ್ಯಾ?" ಎಂದ. ನೋಡಿಕೊಂಡೆ. ತಣ್ಣಗಿತ್ತು. ಬಿಸಿ ಇದೆ ಎಂದು ಬಾಯಿತುದಿಗೆ ಬಂದಿತ್ತು. ಆದರೆ ಆ ಮನುಷ್ಯನ ಎದುರು ಅದು ಹೊರಡಲಿಲ್ಲ. ಗಾಂಧಿ ಬಜಾರಿನವರೆಗೂ ನಡೆದೇ ಹೋದೆ.